ಮರಳಚ್ಚಿನಲ್ಲಿ ಬೆಳ್ಳಿ ನಾಣ್ಯ: ಅಂಚು ತುಂಬುತ್ತಿಲ್ಲ, ಮುಖದ ಮೇಲೆ ಗುಳಿ

ಪ್ರಶ್ನೆ (ಬೆಳ್ಳಿರೇಖೆ):
ರೆಸಿನ್ (ಬೆಳಕಿಗೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಬಳಸುವ 3ಡಿ ಪ್ರಿಂಟರ್‌ನಲ್ಲಿ ಮಾದರಿ ಮುದ್ರಿಸಿ, ಎಣ್ಣೆ ಬೆರೆಸಿದ ಎರಕದ ಮರಳಿನಲ್ಲಿ ಅಚ್ಚೊತ್ತಿ ನಾಣ್ಯ ಹೊಯ್ಯುತ್ತಿದ್ದೇನೆ. ಸ್ವಂತ ವಿನ್ಯಾಸ, ಚಲಾವಣೆಯ ನಾಣ್ಯದ ನಕಲಲ್ಲ. ವ್ಯಾಸ 32 ಮಿ.ಮೀ., ದಪ್ಪ 2 ಮಿ.ಮೀ., ಲೋಹ 999 ಬೆಳ್ಳಿ (99.9% ಶುದ್ಧ). ಅಚ್ಚು ಮಲಗಿಸಿ, ಮೇಲಿನ ಮುಖದ ನಡುವಿಗೇ ರಂಧ್ರ ಕೊರೆದು ಸುರಿಯುವುದು. ಒಂದು ಬದಿಯ ಅಂಚು ತುಂಬುವುದಿಲ್ಲ, ಮೇಲಿನ ಮುಖದ ಅಕ್ಷರ ಮೊಂಡಾಗುತ್ತದೆ, ಜೊತೆಗೆ ಸಣ್ಣ ಗುಳಿಗಳು. ಮಾದರಿ ಬದಲಿಸಬೇಕೋ, ಸುರಿಯುವ ರೀತಿಯನ್ನೋ?

ಉತ್ತರ (ಮೂಸೆಮನೆ):
ಮೊದಲು ದಾರಿ ಬದಲಿಸಿ. ಮುಖದ ಮೇಲೆ ನೇರವಾಗಿ ಬಿದ್ದ ಬೆಳ್ಳಿ ಎದುರಿನ ಮರಳನ್ನು ಕೊರೆಯುತ್ತದೆ. ನಾಣ್ಯ ಮಲಗಿರುವುದರಿಂದ ಗಾಳಿಯೂ ಹೊಗೆಯೂ ಮೇಲಿನ ಮುಖಕ್ಕೇ ಒತ್ತಿ ನಿಲ್ಲುತ್ತವೆ. ಅಕ್ಷರ ಮೊಂಡಾಗುವುದು ಅದಕ್ಕೇ. ಸುರಿಯುವ ರಂಧ್ರವನ್ನು ನಾಣ್ಯದಿಂದ 10 ಮಿ.ಮೀ. ಆಚೆ ಕೊರೆಯಿರಿ: 8 ಮಿ.ಮೀ. ಅಗಲ, ಕನಿಷ್ಠ 40 ಮಿ.ಮೀ. ಎತ್ತರ, ಬಾಯಿಗೆ ಆಲಿಕೆಯಂತೆ ಅಗಲ. ಅದರ ಬುಡದಿಂದ ನಾಣ್ಯದ ಅಂಚಿಗೆ 7–8 ಮಿ.ಮೀ. ಅಗಲದ, ನಾಣ್ಯದಷ್ಟೇ ಆಳದ ಕಾಲುವೆ ಮಾಡಿ. ಕಾಲುವೆ ತೆಳ್ಳಗಾದರೆ ನಾಣ್ಯಕ್ಕಿಂತ ಮೊದಲೇ ಹೆಪ್ಪುಗಟ್ಟಿ ಲೋಹ ಹೋಗುವುದೇ ನಿಲ್ಲುತ್ತದೆ. ಎದುರು ಅಂಚಿನಿಂದ 1 ಮಿ.ಮೀ. ತಂತಿ ಚುಚ್ಚಿ ಎರಡು ಮೂರು ಗಾಳಿಕಂಡಿ ಬಿಡಿ.

ಲೆಕ್ಕವನ್ನೂ ನೋಡಿ. ಈ ನಾಣ್ಯ ಸುಮಾರು 17 ಗ್ರಾಂ, ಆ ರಂಧ್ರವೊಂದೇ 21 ಗ್ರಾಂ ಹಿಡಿಯುತ್ತದೆ. 45–50 ಗ್ರಾಂ ಕರಗಿಸಿ. ಮೇಲೆ ನಿಂತ ಲೋಹದ ಭಾರವೇ ಅಂಚಿನವರೆಗೆ ತಳ್ಳುವುದು, ಅಲ್ಲಿ ಜಿಪುಣತನ ಬೇಡ.

ಉತ್ತರ (ಅರ_ಇಕ್ಕಳ):
ಗುಳಿಯನ್ನು ಭೂತಗನ್ನಡಿಯಲ್ಲಿ ನೋಡಿ. ದುಂಡಗೆ, ಒಳಗೋಡೆ ನುಣುಪಾಗಿ ಹೊಳೆಯುತ್ತಿದ್ದರೆ ಅನಿಲ. ಕಾಲುವೆಯ ಬಳಿ ಒರಟಾಗಿ ಹರಿದಂತಿದ್ದರೆ ಕುಗ್ಗುವಿಕೆ. ಒಳಗೆ ಕಪ್ಪು ಕಣ ಸಿಕ್ಕಿದರೆ ಕಿತ್ತುಬಂದ ಮರಳು.

ಶುದ್ಧ ಬೆಳ್ಳಿಯಲ್ಲಿ ಅನಿಲದ್ದೇ ದೊಡ್ಡ ಕಾಟ. ಕರಗಿದ ಬೆಳ್ಳಿ ತನ್ನ ಗಾತ್ರದ ಸುಮಾರು 20 ಪಟ್ಟು ಆಮ್ಲಜನಕ ಹೀರಿಕೊಂಡು, ಗಟ್ಟಿಯಾಗುವಾಗ ಉಗುಳುತ್ತದೆ. ಮೂಸೆಗೆ (ಲೋಹ ಕರಗಿಸುವ ಪಾತ್ರೆ) ಮೊದಲೇ ಬಿಳಿಗಾರ (ಬೋರಾಕ್ಸ್) ಸವರಿ, ಕರಗಿದ ಮೇಲೆ ಚಿಟಿಕೆ ಬಿಳಿಗಾರ, ಮೇಲೊಂದು ಒಣ ಇದ್ದಿಲ ಚೂರು ಹಾಕಿ. ಉರಿಯಲ್ಲಿ ಇಂಧನ ಅನಿಲ ತುಸು ಹೆಚ್ಚು, ಆಮ್ಲಜನಕ ಕಡಿಮೆ ಇರಲಿ. ಸುರಿದು ಮುಗಿಯುವವರೆಗೆ ಜ್ವಾಲೆ ಲೋಹದ ಮೇಲೇ ಇರಬೇಕು. ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರ ಮೇಲೆ 100 ಡಿಗ್ರಿ ಸಾಕು. ಅಂಚು ತುಂಬಲಿಲ್ಲವೆಂದು ಇನ್ನೂ ಕಾಯಿಸಿದರೆ ಗುಳಿ ಹೆಚ್ಚುತ್ತದೆ.

ಪ್ರಶ್ನೆ (ಬೆಳ್ಳಿರೇಖೆ):
ಅಕ್ಷರಗಳನ್ನು ಕನ್ನಡಿಬಿಂಬವಾಗಿ ಮುದ್ರಿಸಬೇಕೇ? ಮರಳು ಅಕ್ಷರದ ಸಂದಿಯಲ್ಲಿ ಕಿತ್ತುಬರುತ್ತಿದೆ.

ಉತ್ತರ (ಮೂಸೆಮನೆ):
ಬೇಡ. ಮಾದರಿ ಹೇಗಿದೆಯೋ ನಾಣ್ಯವೂ ಹಾಗೆಯೇ. ಮರಳು ಕೀಳುವುದು ಅಕ್ಷರದ ಗೋಡೆ ನೆಟ್ಟಗಿರುವುದರಿಂದ. 5 ಡಿಗ್ರಿಯಷ್ಟು ಇಳಿಜಾರು ಕೊಡಿ. ಉಬ್ಬು 0.6 ಮಿ.ಮೀ., ಗೆರೆಯ ಅಗಲ 0.8 ಮಿ.ಮೀ.ಗಿಂತ ಕಡಿಮೆಯಾಗದಿರಲಿ. ಕನ್ನಡದ ಒತ್ತಕ್ಷರಗಳ ಒಳಸಂದಿ ತೀರ ಕಿರಿದು, ಅಕ್ಷರ ದೊಡ್ಡದು ಮಾಡುವುದೊಂದೇ ದಾರಿ. ಬೆಳ್ಳಿ ಸುಮಾರು 2% ಕುಗ್ಗುತ್ತದೆ, ಮಾದರಿ 32.6 ಮಿ.ಮೀ. ಇರಲಿ.

ರೆಸಿನ್ ಪೂರ್ತಿ ಗಟ್ಟಿಯಾಗಿ ಅಂಟು ಹೋಗಿರಬೇಕು. ತೆಳುಬಟ್ಟೆಯಲ್ಲಿ ಟಾಲ್ಕ್ ಕಟ್ಟಿ ಮಾದರಿಯ ಮೇಲೂ ಅಚ್ಚಿನ ಎರಡು ಭಾಗ ಕೂಡುವ ಜಾಗದಲ್ಲೂ ತಟ್ಟಿ, ಹೆಚ್ಚಾದದ್ದನ್ನು ಊದಿ. ಮೊದಲ 10 ಮಿ.ಮೀ. ಮರಳನ್ನು ಜರಡಿ ಹಿಡಿದು ಬೆರಳಲ್ಲಿ ಒತ್ತಿ, ಆಮೇಲೆ ಸುತ್ತಿಗೆ. ಸುಟ್ಟು ಕಪ್ಪಾದ ಮರಳನ್ನು ಕೆರೆದು ಎಸೆಯಿರಿ, ಹೊಸದರೊಂದಿಗೆ ಕಲಸಬೇಡಿ.

ಉತ್ತರ (ಅರ_ಇಕ್ಕಳ):
ಒಂದು ಮಾತು ಸೇರಿಸುತ್ತೇನೆ. ಮರಳಿನಲ್ಲಾಗಲಿ ಇಕ್ಕಳದಲ್ಲಾಗಲಿ ನೀರಿನ ಪಸೆ ಇದ್ದರೆ ಕ್ಷಣದಲ್ಲಿ ಆವಿಯಾಗಿ ಕರಗಿದ ಲೋಹ ಸಿಡಿಯುತ್ತದೆ. ಮುಖಕವಚ, ಚರ್ಮದ ಕೈಗವಸು ಇಲ್ಲದೆ ಸುರಿಯಬೇಡಿ. ಎಣ್ಣೆ ಸುಟ್ಟ ಹೊಗೆ ಕೆಟ್ಟದ್ದು, ಬಯಲಲ್ಲೇ ಕೆಲಸ ಮಾಡಿ. ಕೆಂಪು ಪೂರ್ತಿ ಆರಿದ ಮೇಲೆ ಅಚ್ಚು ಬಿಚ್ಚಿ. ಅಂಟಿದ ಬಿಳಿಗಾರ ಬಿಸಿ ಸಿಟ್ರಿಕ್ ಆಮ್ಲದ ದ್ರಾವಣದಲ್ಲಿ ಬಿಡುತ್ತದೆ. ಕಾಲುವೆಯನ್ನು ಅಂಚಿಗಿಂತ 1 ಮಿ.ಮೀ. ಆಚೆ ಗರಗಸದಲ್ಲಿ ಕೊಯ್ದು, ಉಳಿದದ್ದನ್ನು ಅರದಲ್ಲಿ ತೆಗೆಯಿರಿ.