ಲೇಸರ್‌ಗೆ ಮುಂಚೆ ಕತ್ತಲಲ್ಲಿ ಪಾಪೆ ಅಳೆಯೋದು: ಬಳ್ಳಾರಿಯ ಕಣ್ಣಿನ ಡಾಕ್ಟರಿಗೆ ಕೇಳಿ

(ಮೊಬೈಲ್ ಗ್ರೂಪಿನಲ್ಲಿ ನಡೆದ ಮಾತುಕತೆ. ಡಾಕ್ಟರ್ ಬಿಟ್ಟು ಉಳಿದವರಿಗೆ ಅವರವರ ಊರಿನ ಹೆಸರೇ ಇದೆ.)

ಸಿರುಗುಪ್ಪ: ಸರ್, ಕನ್ನಡಕ ಬಿಡಿಸಲು ಲೇಸರ್ ಮಾಡಿಸಬೇಕು. ಪವರ್ ಮೈನಸ್ 7. ಲೈಟ್ ಆರಿಸಿ ಅಳೆದಾಗ ಪಾಪೆ 7.5 ಮಿ.ಮೀ. ಬಂತು. ರಾತ್ರಿ ಲಾರಿ ಓಡಿಸುತ್ತೇನೆ. ತೊಂದರೆನಾ?

ಡಾಕ್ಟರ್: ಲೇಸರ್ ಪೂರ್ತಿ ಸರಿಪಡಿಸುವ ಜಾಗ ಸಾಮಾನ್ಯವಾಗಿ 6ರಿಂದ 6.5 ಮಿ.ಮೀ. ಪಾಪೆ ಅದಕ್ಕಿಂತ ಅಗಲವಾದರೆ ಎದುರು ಬರುವ ಹೆಡ್‌ಲೈಟ್ ಸುತ್ತ ಬಳೆ ಕಾಣಬಹುದು. ಆ ಜಾಗ ಅಗಲವಾಗಿ ಮಾಡಿ ಅಂದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಜಾಸ್ತಿ ಕೊರೆಯಬೇಕು. ನಿಮ್ಮ ಪವರ್‌ಗೆ ಅಂದಾಜು 6 ಮಿ.ಮೀ.ಗೆ 84 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್), 7ಕ್ಕೆ 114. ಕಾರ್ನಿಯಾ ದಪ್ಪ ಎಷ್ಟು ಅಂತ ಕೇಳಿ ಬನ್ನಿ, ಆಮೇಲೆ ಮಾತಾಡೋಣ.

ಕುಷ್ಟಗಿ: ಕಾಂಟ್ಯಾಕ್ಟ್ ಲೆನ್ಸ್ ಯಾವಾಗ ಬಿಡಬೇಕು ಸರ್?

ಡಾಕ್ಟರ್: ಮೆತ್ತನೆಯದಾದರೆ ಪರೀಕ್ಷೆಗೆ 1–2 ವಾರ ಮುಂಚೆ. ಗಟ್ಟಿಯದು ಇನ್ನೂ ಜಾಸ್ತಿ.

ಗಂಗಾವತಿ: ಒಟ್ಟು ಖರ್ಚು ಎಷ್ಟಾಗುತ್ತದೆ?

ಮಾನ್ವಿ: ತಂಗಿಗೆ 22 ವರ್ಷ. ನಿನ್ನೆ ಕತ್ತಲಲ್ಲಿ ಅಳೆದಾಗ ಬಲಗಣ್ಣು 8, ಎಡಗಣ್ಣು 6. ಏನಾಗಲ್ಲ, ಶನಿವಾರ ಆಪರೇಷನ್ ಅಂದಿದ್ದಾರೆ.

ಡಾಕ್ಟರ್: ತಡೆಯಿರಿ. 1 ಮಿ.ಮೀ. ಒಳಗಿನ ವ್ಯತ್ಯಾಸ ಎಷ್ಟೋ ಜನರಿಗೆ ಸಹಜ. 2 ಅಂದರೆ ಸುಮ್ನೆ ಬಿಡುವಂಥದ್ದಲ್ಲ. ಒಳ್ಳೆ ಬೆಳಕಲ್ಲಿ ನೋಡಿ, ಅಲ್ಲಿ ವ್ಯತ್ಯಾಸ ಜಾಸ್ತಿಯಾದರೆ ದೊಡ್ಡ ಪಾಪೆ ಮುದುಡುತ್ತಿಲ್ಲ, ಕತ್ತಲಲ್ಲಿ ಜಾಸ್ತಿಯಾದರೆ ಚಿಕ್ಕದು ಅರಳುತ್ತಿಲ್ಲ. ರೆಪ್ಪೆ ಜೋತಿದೆಯಾ? ಜೋರು ತಲೆನೋವು, ಎರಡೆರಡು ಕಾಣೋದು? ಇದ್ದರೆ ಈಗಲೇ ದೊಡ್ಡಾಸ್ಪತ್ರೆಗೆ ಓಡಿ. ಬಲಗಣ್ಣಿಗೆ ಏನಾದರೂ ಹಾಕಿದ್ದೀರಾ?

ಮಾನ್ವಿ: ಅದ್ಯಾವುದೂ ಇಲ್ಲ ಸರ್. ಬಿಸಿಲಲ್ಲಿ ಬಲಗಣ್ಣು ಬಿಡೋಕಾಗಲ್ಲ, ಹತ್ತಿರದ ಅಕ್ಷರ ಮಸುಕು. ಕಣ್ಣು ಕೆಂಪಾಗಿತ್ತು ಅಂತ ಮೊನ್ನೆ ಅಮ್ಮ ಉಮ್ಮತ್ತಿ ಎಲೆ ರಸ ಎರಡು ಹನಿ ಹಾಕಿದರು. ಇದೇ ಗ್ರೂಪಲ್ಲಿ ಬಂದಿತ್ತಲ್ಲ.

ಡಾಕ್ಟರ್: ಬಂದಿತ್ತು, ನಾನೂ ನೋಡಿದೆ, ಹಾಕಬೇಡಿ ಅಂತ ಬರೆದೂ ಇದ್ದೆ! ಉಮ್ಮತ್ತಿಯಲ್ಲಿ ಅಟ್ರೋಪಿನ್, ಸ್ಕೋಪೋಲಮಿನ್ ಇದೆ. ಪಾಪೆ ಅಗಲವಾಗಲಿ ಅಂತ ನಾವು ಹಾಕುವ ಹನಿಯ ಜಾತಿಯೇ, ಆದರೆ ಅಳತೆಯಿಲ್ಲದ ವಿಷ. ದಿನಗಟ್ಟಲೆ ಹೀಗೇ ಇರಬಹುದು. ಇದೇ ಕಾರಣ ಆಗಿದ್ದರೆ ಆ 8 ಅವಳ ಪಾಪೆಯ ಅಳತೆಯೇ ಅಲ್ಲ, ಅವತ್ತು ನೋಡಿದ ಪವರ್ ಕೂಡ ನಂಬೋಕಾಗಲ್ಲ. ಶನಿವಾರ ಬೇಡ. ಇವತ್ತೇ ಕಣ್ಣು ತೋರಿಸಿ. ಬಾಯಿ ಒಣಗಿ ಎದೆ ಬಡಿತ ಹೆಚ್ಚಾದರೆ, ಏನೇನೋ ಮಾತಾಡಿದರೆ ನೇರ ತುರ್ತು ವಿಭಾಗಕ್ಕೆ ಕರ್ಕೊಂಡು ಹೋಗಿ.

ಲಿಂಗಸುಗೂರು: ನಮ್ಮಜ್ಜಿ ಕಾಲದಿಂದ ಹಾಕುತ್ತಾರೆ, ಯಾರಿಗೂ ಏನೂ ಆಗಿಲ್ಲ. ಡಾಕ್ಟರಿಗೆ ಹೆದರಿಸೋದೇ ಕೆಲಸ.

ಸಂಡೂರು: ನಿಮ್ಮಜ್ಜಿ ಲೇಸರ್ ಮಾಡಿಸಿಕೊಂಡಿದ್ದರಾ ಅಣ್ಣ? ಮೊದಲು ಆ ಫಾರ್ವರ್ಡ್ ಅಳಿಸು.

ಲಿಂಗಸುಗೂರು: ಹೇಳೋಕೆ ನೀನು ಯಾರು, ಅಡ್ಮಿನ್ನಾ?

ಸಂಡೂರು: ಅಡ್ಮಿನ್ ಮಲಗಿದ್ದಾನೆ, ಅದಕ್ಕೇ ನಿನ್ನಂಥವರು ಇಲ್ಲಿ ವೈದ್ಯರಾಗಿರೋದು.

ಲಿಂಗಸುಗೂರು: ಹೋಗಲಿ, ನಂದಿಬಟ್ಟಲು ಹೂ ಆದರೂ ಹಾಕಬಹುದಲ್ವಾ?

ಡಾಕ್ಟರ್: ದೇವರಿಗೆ ಹಾಕಿ.

ಕುಷ್ಟಗಿ: ಸರ್, ಲೆನ್ಸ್...

ಡಾಕ್ಟರ್: ಮೇಲೆ ಓದಿ.

ಮಾನ್ವಿ: ರಾಯಚೂರು ಬಸ್ಸಲ್ಲಿದ್ದೀವಿ ಸರ್.

ಡಾಕ್ಟರ್: ಎಲೆ ರಸ ಹಾಕಿದ್ದನ್ನು ಅಲ್ಲಿ ಮುಚ್ಚಿಡಬೇಡಿ. ಯಾವಾಗ ಹಾಕಿದರು ಅಂತಲೂ ಹೇಳಿ.

ಗಂಗಾವತಿ: ನನ್ನ ಖರ್ಚಿನ ಪ್ರಶ್ನೆ ಯಾರಿಗೂ ಕಾಣಲೇ ಇಲ್ವಾ?