ಸಹಾಯ ಬೇಕು: ಬೆನ್ನುಹುರಿಯ ದಾರಿಗಳು ಮೆದುಳುಕಾಂಡದಲ್ಲಿ ತಿರುಗುವುದು ಅರ್ಥವಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಮೊದಲ ವರ್ಷದ ಫಿಸಿಯೋಥೆರಪಿ ವಿದ್ಯಾರ್ಥಿನಿ. ಬೆನ್ನುಹುರಿಯ 31 ಜೋಡಿ ನರಗಳು, ಒಳಗಿನ ಚಿಟ್ಟೆಯಾಕಾರದ ಬೂದು ಭಾಗ, ಸುತ್ತಲಿನ ಬಿಳಿ ಭಾಗ, ಇಷ್ಟು ತಲೆಗೆ ಹತ್ತಿದೆ.

ಸುದ್ದಿ ಒಯ್ಯುವ ನರದ ದಾರಿಗಳು ಒಂದು ಬದಿಯಿಂದ ಇನ್ನೊಂದಕ್ಕೆ ದಾಟುವ ಜಾಗಕ್ಕೆ ತುಂಬಾ ದಿನ ಬೇಕಾಯ್ತು. ನೋವು, ಬಿಸಿ, ತಂಪಿನ ಸುದ್ದಿ ಬೆನ್ನುಹುರಿಗೆ ಬಂದು ಒಂದೆರಡು ಸೆಗ್ಮೆಂಟ್‌ (ಒಂದು ಜೋಡಿ ನರ ಹೊರಡುವ ಬೆನ್ನುಹುರಿಯ ತುಂಡು) ಒಳಗೇ ಇನ್ನೊಂದು ಬದಿಗೆ ದಾಟುತ್ತದೆ. ನವಿರಾದ ಸ್ಪರ್ಶ ಮತ್ತು ಕಂಪನದ ಸುದ್ದಿ ಬಂದ ಬದಿಯಲ್ಲೇ ಮೇಲೆ ಹೋಗಿ ಮೆಡುಲ್ಲಾದಲ್ಲಿ (ಮೆದುಳುಕಾಂಡದ ಕೆಳಭಾಗ) ದಾಟುತ್ತದೆ. ಹಾಗಾಗಿ ಎದೆಯ ಮಟ್ಟದಲ್ಲಿ ಬೆನ್ನುಹುರಿಯ ಬಲ ಅರ್ಧ ಮಾತ್ರ ಕತ್ತರಿಸಿದರೆ ಬಲಗಾಲಿನ ಶಕ್ತಿ ಮತ್ತು ಕಂಪನದ ಅರಿವು ಹೋಗುತ್ತದೆ. ನೋವಿನ ಅರಿವು ಹೋಗುವುದು ಮಾತ್ರ ಎಡಗಾಲಲ್ಲಿ! ಚಿತ್ರ ಬರೆದು ಇದನ್ನು ಬಿಡಿಸಿಕೊಂಡ ದಿನ ನನಗೆ ನಿಜಕ್ಕೂ ಖುಷಿಯಾಯ್ತು.

ಈಗ ಸಿಕ್ಕಿಬಿದ್ದಿರುವುದು, ಹೀಗೆ ದಾಟಿದ ಸ್ಪರ್ಶ, ಕಂಪನದ ಸುದ್ದಿಯನ್ನು ಮೇಲೆ ಒಯ್ಯುವ ನಾರುಗಳ ಕಟ್ಟಾದ ಮೀಡಿಯಲ್ ಲೆಮ್ನಿಸ್ಕಸ್‌ನಲ್ಲಿ. ಮೆಡುಲ್ಲಾದಲ್ಲಿ ಅದು ಎದ್ದು ನಿಂತ ಹಾಗಿದೆ: ಕಾಲಿನ ನಾರುಗಳು ಮುಂದೆ, ಕೈಯವು ಹಿಂದೆ. ಪಾನ್ಸ್‌ಗೆ (ಮೆಡುಲ್ಲಾದ ಮೇಲಿರುವ ಮೆದುಳುಕಾಂಡದ ಭಾಗ) ಬರುವಾಗ ಅಡ್ಡ ಮಲಗುತ್ತದೆ. ಕೈ ಒಳಗಡೆ, ಕಾಲು ಹೊರಗಡೆ. ಸುಮ್ನೆ ಬಾಯಿಪಾಠ ಮಾಡಿದರೆ ಎರಡೇ ದಿನಕ್ಕೆ ಮರೆಯುತ್ತೇನೆ.

ಈ ತಿರುವನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸುವ ದಾರಿ ಯಾರಿಗಾದರೂ ಗೊತ್ತಾ? ಬಣ್ಣದ ನೂಲು ಅಥವಾ ಜೇಡಿಮಣ್ಣಿನಲ್ಲಿ ಮಾದರಿ ಮಾಡಿದವರು ಇದ್ದೀರಾ? ಯಾವ ಮಟ್ಟದ ಅಡ್ಡಕೊಯ್ತಗಳನ್ನು ಮೊದಲು ಬಿಡಿಸಬೇಕು ಅಂತ ಹೇಳಿದರೂ ಸಾಕು. ನೀವು ಕೈಯಲ್ಲಿ ಬಿಡಿಸಿದ ಚಿತ್ರವಿದ್ದರೆ ದಯವಿಟ್ಟು ಹಾಕಿ.