ಪದ್ಮಿನಿಗೆ ಎರಡೂ ಕಡೆ ಕನ್ನಡಿ: ಹಾಕಿಸಿದವರು ಹೇಳುವುದು

ಪ್ರಶ್ನೆ: ಅಪ್ಪನ ಕಾಲದ 1984ರ ಪ್ರೀಮಿಯರ್ ಪದ್ಮಿನಿ ಇದೆ. ಈಗಷ್ಟೇ ಹೊಸ ಪೇಂಟ್ ಆಗಿದೆ. ಬಲಗಡೆ ಇದ್ದ ಕನ್ನಡಿ ತುಕ್ಕು ಹಿಡಿದು ಹೋಗಿದೆ, ಎಡಗಡೆ ಮೊದಲಿನಿಂದಲೂ ಇಲ್ಲ. ಈಗಿನ ಟ್ರಾಫಿಕ್‌ನಲ್ಲಿ ಎಡಗಡೆಯಿಂದ ನುಗ್ಗುವ ಬೈಕುಗಳು ಕಾಣುವುದೇ ಇಲ್ಲ. ಬಾಗಿಲಿಗೆ ಹಾಕಿಸಲಾ, ಮಡ್‌ಗಾರ್ಡ್ ಮೇಲಾ? ತೂತು ಕೊರೆಯದೆ ಆಗುತ್ತದಾ?

ಮೈಸೂರಿನಿಂದ:
ಬಾಗಿಲಿಗೇ ಹಾಕಿಸಿ. ಆದರೆ ಡ್ರಿಲ್ ಮುಟ್ಟುವ ಮೊದಲು ಒಂದು ಅರ್ಧ ದಿನ ಸುಮ್ನೆ ನೋಡುವುದಕ್ಕೇ ಇಟ್ಟುಕೊಳ್ಳಿ. ನೀವು ಯಾವಾಗಲೂ ಕೂರುವ ಹಾಗೆ ಸೀಟಿನಲ್ಲಿ ಕೂತುಕೊಳ್ಳಿ. ಇನ್ನೊಬ್ಬರು ಹೊರಗೆ ನಿಂತು ಕನ್ನಡಿಯನ್ನು ಬಾಗಿಲಿಗೆ ಒತ್ತಿ ಹಿಡಿಯಲಿ. ಕಿಟಕಿಯ ಮುಂದಿನ ಮೂಲೆಯ ಚಿಕ್ಕ ಗಾಜು, ಅಂದರೆ ಕ್ವಾರ್ಟರ್ ಗ್ಲಾಸಿನ ನಿಲುವು ಪಟ್ಟಿ ಇದೆಯಲ್ಲ, ಅದು ಕನ್ನಡಿಯ ಮಧ್ಯಕ್ಕೆ ಅಡ್ಡ ಬರಬಾರದು. ಎರಡು ಇಂಚು ಹಿಂದೆ ಮುಂದೆ ಮಾಡಿದರೆ ಸಾಕು, ನೋಟವೇ ಬದಲಾಗುತ್ತದೆ. ಸರಿಯಾದ ಜಾಗ ಸಿಕ್ಕಿದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಗುರುತು ಹಾಕಿ.

ಬಲಗಡೆಯ ಅಳತೆಯನ್ನೇ ತೆಗೆದುಕೊಂಡು ಹೋಗಿ ಎಡಗಡೆಗೆ ಹಾಕಬೇಡಿ. ಬಾಡಿ ಕೆಲಸ ಮಾಡುವ ಬಹಳ ಟಿಂಕರ್‌ಗಳು ಮಾಡುವುದು ಅದನ್ನೇ. ಹೊರಗಿನಿಂದ ಅಂದವಾಗಿ ಕಾಣುತ್ತದೆ ನಿಜ, ಒಳಗೆ ಕೂತರೆ ನಿಮ್ಮದೇ ಬಾಗಿಲು ಮಾತ್ರ ಕಾಣುತ್ತದೆ. ಎಡಗನ್ನಡಿ ನಿಮ್ಮಿಂದ ದೂರ ಇರುತ್ತದೆ, ನಿಮ್ಮ ಕಡೆಗೆ ಜಾಸ್ತಿ ತಿರುಗಬೇಕು. ಕೆಲವು ಕನ್ನಡಿಗಳ ತಲೆ ಅಷ್ಟು ತಿರುಗುವುದೇ ಇಲ್ಲ, ಹಿಂಬದಿ ಹೋಗಿ ಕನ್ನಡಿಯ ಕಾಲಿಗೆ, ಅಂದರೆ ಅದನ್ನು ಹಿಡಿದಿರುವ ಕಂಬಿಗೆ, ತಾಗಿ ನಿಂತುಬಿಡುತ್ತದೆ. ಅಂಗಡಿಯಲ್ಲೇ ತಿರುಗಿಸಿ ನೋಡಿ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಯೂ ಒಮ್ಮೆ ನೋಡಿ. ಉದ್ದದ ಬೆಂಚ್ ಸೀಟು ಅಲ್ವಾ, ಪಕ್ಕದವರು ಸ್ವಲ್ಪ ಮುಂದೆ ಬಾಗಿದರೆ ಅವರ ಮೂಗು ಬಿಟ್ಟು ಬೇರೇನೂ ಕಾಣಲಿಕ್ಕಿಲ್ಲ.

ಬೆಂಗಳೂರಿನಿಂದ:
ಜೆ.ಸಿ. ರೋಡಿನಲ್ಲಿ ಕೇಳಿ, ಶಿವಾಜಿನಗರದ ಗುಜರಿ ಕಡೆಗೂ ಒಂದು ಸುತ್ತು ಹೋಗಿ ಬನ್ನಿ. ಹಳೆಯ ಕಂಪನಿ ಕನ್ನಡಿ ಸಿಕ್ಕಿದರೆ ಬಿಡಬೇಡಿ, ಗಾಜು ಮಂಕಾಗಿದ್ದರೂ ಪರವಾಗಿಲ್ಲ. ಗಾಜನ್ನು ಬೇರೆ ಕತ್ತರಿಸಿ ಹಾಕಿಸಬಹುದು. ಹೊಸ ಅಗ್ಗದ ಕ್ರೋಮ್‌ನವು ಎರಡು ಮಳೆಗಾಲಕ್ಕೆ ಗುಳ್ಳೆ ಏಳುತ್ತವೆ. ಕಾಲು ಗಿಡ್ಡ ಇರುವುದನ್ನೇ ಆರಿಸಿ. ಉದ್ದ ಕಾಲಿನದು ಐಡಲಿಂಗ್‌ನಲ್ಲೇ ನಡುಗುತ್ತದೆ, ಹಿಂದೆ ಬರುತ್ತಿರುವುದು ಬಸ್ಸೋ ಲಾರಿಯೋ ಗೊತ್ತಾಗುವುದಿಲ್ಲ.

ಎಡಕ್ಕೆ ಉಬ್ಬುಗನ್ನಡಿ ಹಾಕಿಸಿ, ಜಾಸ್ತಿ ಜಾಗ ಕಾಣುತ್ತದೆ. ಆದರೆ ಅದರಲ್ಲಿ ಹಿಂದಿನ ಗಾಡಿ ಇರುವುದಕ್ಕಿಂತ ದೂರ ಇದ್ದ ಹಾಗೆ ತೋರುತ್ತದೆ. ಅಭ್ಯಾಸ ಆಗುವ ತನಕ ಒಳಗಿನ ಕನ್ನಡಿಯನ್ನೂ ನೋಡಿಯೇ ಎಡಕ್ಕೆ ಹೊರಳಿ.

ಮಂಗಳೂರಿನಿಂದ:
ನಮ್ಮ ಕಡೆ ಮಳೆಗೆ ತೂತು ಅಂದರೆ ತುಕ್ಕಿಗೆ ಆಹ್ವಾನ. ಹಾಗಂತ ಕೊರೆಯಲೇಬಾರದು ಅಂತಲ್ಲ. ಮೊದಲು ಬಾಗಿಲ ಒಳಗಿನ ಹೊದಿಕೆ, ಡೋರ್ ಪ್ಯಾಡ್, ಬಿಚ್ಚಿಸಿ. ಗಾಜನ್ನು ಪೂರ್ತಿ ಇಳಿಸಿ, ಏರಿಸಿ, ಅದು ಜಾರುವ ಚಾನೆಲ್ ಎಲ್ಲಿ ಹಾದುಹೋಗುತ್ತದೆ ಅಂತ ಕಣ್ಣಾರೆ ನೋಡಿ. ಬೋಲ್ಟ್ ಅದಕ್ಕೆ ತಾಗಬಾರದು. ಪಂಚ್ ಹೊಡೆದು, 3 ಮಿ.ಮೀ. ಬಿಟ್‌ನಲ್ಲಿ ಶುರು ಮಾಡಿ, ಆಮೇಲೆ ದೊಡ್ಡದು ಮಾಡಿ. ತೂತಿನ ಅಂಚನ್ನು ಅರದಿಂದ ಉಜ್ಜಿ, ಸಣ್ಣ ಬ್ರಶ್‌ನಲ್ಲಿ ಪ್ರೈಮರ್, ಅದು ಒಣಗಿದ ಮೇಲೆ ಪೇಂಟ್. ಈ ಒಣಗುವ ಹೊತ್ತಿಗೇ ಗ್ಯಾರೇಜಿನವರಿಗೆ ತಾಳ್ಮೆ ಇರುವುದಿಲ್ಲ, ಪಕ್ಕದಲ್ಲಿ ನಿಂತೇ ಮಾಡಿಸಿ. ಕನ್ನಡಿಯ ಬುಡಕ್ಕೆ ರಬ್ಬರ್, ಶೀಟಿನ ಒಳಮೈಗೆ ಅಂಗೈಯಗಲದ ಕಬ್ಬಿಣದ ತಗಡು ಕೊಡಿ. ಬಾಗಿಲಿನ ಶೀಟ್ ತೆಳು, ಬರೀ ವಾಷರ್ ಹಾಕಿ ಬಿಗಿದರೆ ಅಲ್ಲೇ ತಗ್ಗು ಬೀಳುತ್ತದೆ. ಬಾಗಿಲ ತಳದಲ್ಲಿ ನೀರು ಹೋಗುವ ಕಿಂಡಿಗಳಿರುತ್ತವೆ. ಕೊರೆದ ಲೋಹದ ಪುಡಿ ಅಲ್ಲಿ ಕೂರದ ಹಾಗೆ ಗುಡಿಸಿ ತೆಗೆಸಿ.

ಹುಬ್ಬಳ್ಳಿಯಿಂದ:
ನಮ್ಮ ಅಂಬಾಸಿಡರ್‌ಗೆ ಮಡ್‌ಗಾರ್ಡ್ ಮೇಲೇ ಇವೆ. ನೋಡಲು ಭಾರೀ ಚೆಂದ. ತಲೆ ತಿರುಗಿಸದೆ ಎರಡೂ ಕಡೆ ಕಾಣುತ್ತದೆ. ಜಪಾನ್‌ನಲ್ಲಿ 1983ರ ತನಕ ಕಾರುಗಳಿಗೆ ಅಲ್ಲೇ ಹಾಕಬೇಕಿತ್ತು. ಆದರೆ ಎಲ್ಲವೂ ಪುಟ್ಟದಾಗಿ ಕಾಣುತ್ತದೆ. ಯಾರೋ ಮುಟ್ಟಿ ತಿರುಗಿಸಿ ಹೋದರೆ ಸರಿಮಾಡಲು ಇಬ್ಬರು ಬೇಕು. ಟೈರ್ ಎರಚುವ ಕೆಸರು ನೇರವಾಗಿ ಒಳಗಿನ ನಟ್‌ಗೆ ಹೊಡೆಯುತ್ತದೆ, ಮಳೆಗಾಲಕ್ಕೆ ಮುಂಚೆ ಗ್ರೀಸ್ ಮೆತ್ತಲೇಬೇಕು. ದಿನಾ ಓಡಿಸುವ ಗಾಡಿಯಾದರೆ ನನ್ನ ಮತವೂ ಬಾಗಿಲಿಗೇ.

ಶಿವಮೊಗ್ಗದಿಂದ:
ಹೊಸ ಪೇಂಟಿಗೆ ತೂತು ಹಾಕಲು ಮನಸ್ಸು ಬರದಿದ್ದರೆ ಕ್ಲ್ಯಾಂಪ್ ಇದೆ. ಬಾಗಿಲ ಅಂಚನ್ನು ಕಚ್ಚಿ ಹಿಡಿಯುತ್ತದೆ, ಒಳಗಿನಿಂದ ಎರಡು ಸಣ್ಣ ಸ್ಕ್ರೂ. ಹಳೆ ಸೈಕಲ್ ಟ್ಯೂಬಿನ ತುಂಡನ್ನು ಮಧ್ಯೆ ಇಟ್ಟರೆ ಪೇಂಟ್ ಉಳಿಯುತ್ತದೆ. ಬಾಗಿಲು ಮುಚ್ಚುವಾಗ ಬಾಗಿಲ ಪಕ್ಕದ ಬಾಡಿ ಕಂಬಕ್ಕೆ ತಾಗುತ್ತದಾ, ಬಾಗಿಲ ಸುತ್ತಿನ ರಬ್ಬರ್ ಬೀಡಿಂಗ್ ಒತ್ತಿಹೋಗಿ ಸಂದು ಬೀಳುತ್ತದಾ ಅಂತ ಮೆಲ್ಲಗೆ ಮುಚ್ಚಿ ನೋಡಿ. ಸಂದು ಬಿದ್ದರೆ ಮಳೆ ನೀರು ಕಾಲಿಗೇ. ಹೆದ್ದಾರಿಯಲ್ಲಿ ಗಾಳಿಗೆ ಸ್ವಲ್ಪ ಸ್ವಲ್ಪವೇ ತಿರುಗುತ್ತದೆ, ಆಗಾಗ ಬಿಗಿಮಾಡುತ್ತಿರಬೇಕು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಬಲಕ್ಕೆ ಹಳೆಯ ತೂತುಗಳಿಗೇ ಹೊಂದುವ ಕನ್ನಡಿ ಹುಡುಕುತ್ತೇನೆ, ಎಡಕ್ಕೆ ಸದ್ಯಕ್ಕೆ ಕ್ಲ್ಯಾಂಪ್. ಸರೀನಾ?

ಮೈಸೂರಿನಿಂದ:
ಸರಿ. ಹಳೆಯ ಬೋಲ್ಟ್‌ಗಳ ನಡುವಿನ ದೂರವನ್ನು ರಟ್ಟಿನ ಮೇಲೆ ಅಚ್ಚು ತೆಗೆದುಕೊಂಡು ಅಂಗಡಿಗೆ ಹೋಗಿ. ಕ್ಲ್ಯಾಂಪ್ ಹಾಕಿ ಒಂದಷ್ಟು ವಾರ ಓಡಿಸಿ. ಆಮೇಲೆ ಕೊರೆಯಬೇಕು ಅನ್ನಿಸಿದರೂ ಎಲ್ಲಿ ಕೊರೆಯಬೇಕು ಅನ್ನುವುದು ಅಷ್ಟರಲ್ಲಿ ಗೊತ್ತಾಗಿರುತ್ತದೆ.